ಗಾರೆ ಕಿತ್ತರೂ ಗೋಡೆ ಉಳಿಯಬೇಕು

ಸಡಿಲವಾದ ಕೃತಕ ಕೀಲನ್ನು ಹೊರಗೆಳೆಯುವುದು ಅಂಥ ದೊಡ್ಡ ಕೆಲಸವೇನಲ್ಲ. ಸೊಂಟದ ಕೀಲು ಬದಲಿಸಿ ಹದಿನೈದಿಪ್ಪತ್ತು ವರ್ಷವಾಗಿ, ತೊಡೆಮೂಳೆಯೊಳಗಿನ ಲೋಹದ ದಂಡ ಅಲ್ಲಾಡತೊಡಗಿದ್ದರೆ, ಅದಕ್ಕೊಂದು ಹಿಡಿ ಸಿಕ್ಕಿಸಿ ಹಿಮ್ಮುಖವಾಗಿ ನಾಲ್ಕು ಏಟು ಹಾಕಿದರೆ ಸಾಕು, ಕೈಗೆ ಬರುತ್ತದೆ. ಸರ್ಜನ್ನರ ಸಂಕಟ ಶುರುವಾಗುವುದು ಆಮೇಲೆ. ದಂಡ ಕೂತಿದ್ದ ಜಾಗದ ಸುತ್ತ ಬೋನ್ ಸಿಮೆಂಟಿನ ಕೊಳವೆಯೊಂದು ಮೂಳೆಯ ಒಳಗೋಡೆಗೆ ಕಚ್ಚಿಕೊಂಡು ಹಾಗೇ ನಿಂತಿರುತ್ತದೆ. ಕೊಳವೆಯ ತಳದಲ್ಲಿ ಸಿಮೆಂಟಿನದೇ ಗಟ್ಟಿ ಬಿರಡೆ. ಅದು ಇರುವುದು ತೊಡೆಯ ಮೇಲ್ತುದಿಯಿಂದ ಗೇಣುದ್ದ ಒಳಗೆ, ಬೆರಳಗಲದ ಸುರಂಗದ ಕೊನೆಯಲ್ಲಿ. ಸುತ್ತಲಿನ ಮೂಳೆಯೋ ವಯಸ್ಸಿನಿಂದ, ಸವೆತದಿಂದ ಕೆಲವೆಡೆ ಒಂದೆರಡು ಮಿಲಿಮೀಟರಿಗೆ ಇಳಿದಿರುತ್ತದೆ. ಅದರೊಳಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಉಳಿ ಸಿಮೆಂಟನ್ನು ಸೀಳಿದರೆ ಸರಿ. ದಾರಿ ತಪ್ಪಿದರೆ ಮೂಳೆಯ ಗೋಡೆಯನ್ನೇ ತೂತು ಮಾಡಿ ಆಚೆ ಬರುತ್ತದೆ.

ಉಳಿಗೆ ಎರಡೂ ಒಂದೇ. ಸಿಮೆಂಟೂ ಗಟ್ಟಿ, ಮೂಳೆಯೂ ಗಟ್ಟಿ. ಆದರೆ ಸೆಕೆಂಡಿಗೆ ಇಪ್ಪತ್ತೆಂಟು ಸಾವಿರ ಸಲ ಕಂಪಿಸುವ ಟೈಟಾನಿಯಂ ಸಲಾಕೆಯೊಂದನ್ನು ಇವೆರಡಕ್ಕೂ ಸರದಿಯಂತೆ ತಾಗಿಸಿ ನೋಡಿ. ಸಿಮೆಂಟು ಮೆತ್ತಗಾಗಿ ಸಲಾಕೆಗೆ ದಾರಿ ಬಿಡುತ್ತದೆ. ಮೂಳೆ ಕಿರಿಚುತ್ತದೆ, ಜಾಗ ಬಿಡುವುದಿಲ್ಲ. ಈ ಅಧ್ಯಾಯ ಇರುವುದು ಆ ಒಂದು ವ್ಯತ್ಯಾಸದ ಬಗ್ಗೆ. ಅದನ್ನು ಅರಿಯಲು ಮೊದಲು ಸಿಮೆಂಟಿನ ಜನ್ಮವೃತ್ತಾಂತ ಕೇಳಬೇಕು.

ಹೆಸರು ಸಿಮೆಂಟಾದರೂ ಮನೆ ಕಟ್ಟುವ ಸಿಮೆಂಟಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಅಂಗಡಿ ಫಲಕಗಳಲ್ಲಿ ಕಾಣುವ ಅಕ್ರಿಲಿಕ್ ಹಾಳೆ, ದಂತವೈದ್ಯರು ಕಟ್ಟಿಕೊಡುವ ಹಲ್ಲಿನ ಸೆಟ್ಟಿನ ಗುಲಾಬಿ ವಸಡು, ಎಲ್ಲ ಇದರದೇ ಬಳಗ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನ ಬದಲಿಗೆ ಇದನ್ನೇ ಹಾಕುತ್ತಿದ್ದರು. ಅದರ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಹೆಚ್ಚು ತಕರಾರು ಮಾಡದೆ ಇದ್ದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, 1949ರಲ್ಲಿ ಲಂಡನ್ನಿನಲ್ಲಿ ಕಣ್ಣಿನೊಳಗಿಡುವ ಮೊದಲ ಮಸೂರವನ್ನು ಇದರಿಂದಲೇ ಮಾಡಿಸಿದರು. ದೇಹ ಸಹಿಸಿಕೊಳ್ಳುವ ಪ್ಲಾಸ್ಟಿಕ್ ಎಂಬ ಕೀರ್ತಿ ಅದಕ್ಕೆ ಬಂದದ್ದು ಹೀಗೆ.

ಮೂಳೆ ವೈದ್ಯರಲ್ಲಿ ಇದರ ಮೊದಲ ಪ್ರಯೋಗ ಮಾತ್ರ ಸೋತಿತ್ತು. ಪ್ಯಾರಿಸ್ಸಿನ ಜ್ಯೂಡೆ ಸೋದರರು 1946ರಲ್ಲಿ ತೊಡೆಮೂಳೆಯ ತಲೆಯನ್ನೇ ಅಕ್ರಿಲಿಕ್ಕಿನಿಂದ ಮಾಡಿ ಕೂರಿಸಿದರು. ಅದು ಸವೆಯಿತು, ಸಡಿಲವಾಯಿತು, ಕೆಲವರಲ್ಲಿ ಕೀರಲು ದನಿಯನ್ನೂ ಹೊರಡಿಸಿತು. ಅಂಥ ಒಬ್ಬ ರೋಗಿ ಇಂಗ್ಲೆಂಡಿನ ಜಾನ್ ಚಾರ್ನ್ಲೆ ಬಳಿ ಬಂದ. ಮುಂದಕ್ಕೆ ಬಾಗಿದರೆ ಸಾಕು ಅವನ ಸೊಂಟ ಕಿರುಗುಟ್ಟುತ್ತಿತ್ತು, ಹೆಂಡತಿಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು. ಕೀಲುಗಳ ಘರ್ಷಣೆಯ ಬಗ್ಗೆ ಚಾರ್ನ್ಲೆ ತಲೆಕೆಡಿಸಿಕೊಳ್ಳಲು ಈ ಕಿರುಗುಟ್ಟುವಿಕೆಯೂ ಒಂದು ಕಾರಣ. ಉಜ್ಜಾಡುವ ಗೋಲಿಯಾಗಿ ಸೋತ ಅದೇ ಪ್ಲಾಸ್ಟಿಕ್ಕಿಗೆ ಮುಂದೆ ಬೇರೆ ಉದ್ಯೋಗ ಕೊಟ್ಟವರೂ ಅವರೇ.

ಚಾರ್ನ್ಲೆ ಕೆಲಸ ಮಾಡುತ್ತಿದ್ದ ರೈಟಿಂಗ್ಟನ್ ಆಸ್ಪತ್ರೆ ಲ್ಯಾಂಕಷೈರಿನ ವಿಗನ್ ಊರಿನ ಹತ್ತಿರದ ಹಳೆಯ ಕ್ಷಯರೋಗ ಚಿಕಿತ್ಸಾಲಯ. ಲೋಹದ ದಂಡವನ್ನು ಮೂಳೆಯ ಪೊಳ್ಳಿನಲ್ಲಿ ಅಲ್ಲಾಡದಂತೆ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಹಲ್ಲಿನ ಸಾಮಗ್ರಿಗಳ ತಜ್ಞರಾಗಿದ್ದ ಡೆನಿಸ್ ಸ್ಮಿತ್: ಕಾಯಿಸದೆ ತಾನೇ ಗಟ್ಟಿಯಾಗುವ ದಂತ ಅಕ್ರಿಲಿಕ್ ಬಳಸಿ ನೋಡಿ ಎಂದರು. 1958ರ ಹೊತ್ತಿಗೆ ಚಾರ್ನ್ಲೆ ಅದನ್ನು ತೊಡೆಮೂಳೆಯೊಳಗೆ ತುಂಬತೊಡಗಿದ್ದರು. ಇದು ಅಂಟಲ್ಲ, ಗಾರೆ ಎಂದು ಅವರು ಪದೇ ಪದೇ ಹೇಳುತ್ತಿದ್ದರು. ಸಿಮೆಂಟು ಮೂಳೆಗೆ ಅಂಟಿಕೊಳ್ಳುವುದಿಲ್ಲ. ಮೆದುವಾಗಿದ್ದಾಗ ಮೂಳೆಯ ಒಳಮೈಯ ರಂಧ್ರಗಳಿಗೆ ನುಗ್ಗಿ, ಅಲ್ಲೇ ಗಟ್ಟಿಯಾಗಿ, ಬಿಡಿಸಿಕೊಳ್ಳಲಾಗದಂತೆ ಸಿಕ್ಕಿಹಾಕಿಕೊಳ್ಳುತ್ತದೆ. ಕಲ್ಲುಗಳ ಸಂದಿಗೆ ಗಾರೆ ತುಂಬಿದರೆ ಆಗುವುದೂ ಇದೇ.

ಆಪರೇಷನ್ ಥಿಯೇಟರಿನಲ್ಲಿ ಇದು ಎರಡು ಭಾಗವಾಗಿ ಬರುತ್ತದೆ. ಒಂದು ಪೊಟ್ಟಣದಲ್ಲಿ 40 ಗ್ರಾಂ ಪುಡಿ, ಜೊತೆಗೊಂದು ಪುಟ್ಟ ಸೀಸೆಯಲ್ಲಿ 20 ಮಿಲಿಲೀಟರಿನಷ್ಟು ದ್ರವ. ಪುಡಿ ಎಂದರೆ ಆಗಲೇ ಪಾಲಿಮರ್ ಆಗಿರುವ ಸೂಕ್ಷ್ಮ ಮಣಿಗಳು. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲೆಂದು ಬೇರಿಯಂ ಸಲ್ಫೇಟನ್ನೋ ಜಿರ್ಕೋನಿಯಂ ಆಕ್ಸೈಡನ್ನೋ ಸೇರಿಸಿರುತ್ತಾರೆ. ದ್ರವ ಎಂದರೆ ಇನ್ನೂ ಸರಪಳಿಯಾಗದ ಬಿಡಿ ಅಣುಗಳು, ಮೂಗಿಗೆ ರಪ್ಪನೆ ಹೊಡೆಯುವ ವಾಸನೆ. ಎರಡನ್ನೂ ಕಲಸಿದರೆ ಬಿಡಿ ಅಣುಗಳು ಒಂದಕ್ಕೊಂದು ಕೈಹಿಡಿದು ಉದ್ದುದ್ದ ಸರಪಳಿಗಳಾಗುತ್ತವೆ, ಬಿಸಿ ಹೊಮ್ಮುತ್ತದೆ, ಹತ್ತು ಹನ್ನೆರಡು ನಿಮಿಷದಲ್ಲಿ ಮುದ್ದೆ ಕಲ್ಲಾಗುತ್ತದೆ. ಇಲ್ಲೊಂದು ವಿಷಯ ನೆನಪಿಡಬೇಕು. ಈ ಸರಪಳಿಗಳು ಒಂದರ ಪಕ್ಕ ಒಂದು ಹೆಣೆದುಕೊಂಡು ಮಲಗಿರುತ್ತವೆಯೇ ಹೊರತು, ಅಡ್ಡಡ್ಡವಾಗಿ ಬೆಸೆದುಕೊಂಡಿರುವುದಿಲ್ಲ. ಹಾಗೆ ಬೆಸೆದುಕೊಂಡ ಪ್ಲಾಸ್ಟಿಕ್‌ಗಳು, ಉದಾಹರಣೆಗೆ ಬೇಕಲೈಟ್, ಎಷ್ಟು ಕಾಯಿಸಿದರೂ ಕರಗುವುದಿಲ್ಲ; ಸುಟ್ಟು ಕರಕಲಾಗುತ್ತವೆ. ಅಕ್ರಿಲಿಕ್ ಹಾಗಲ್ಲ. ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಸರಪಳಿಗಳು ಜಾರತೊಡಗುತ್ತವೆ, ಕಲ್ಲು ಮತ್ತೆ ಮೆದುವಾಗುತ್ತದೆ.

ಐವತ್ತರ ದಶಕದಲ್ಲಿ ಈ ಗುಣದ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ. ಸಿಮೆಂಟನ್ನು ಹಾಕಿದ್ದು ಇರಲೆಂದು, ತೆಗೆಯಲೆಂದಲ್ಲ.

ತೆಗೆಯಬೇಕಾಗಿ ಬಂದದ್ದೇಕೆ? ಒಂದು ಕಾರಣ ಸವೆತ. ಚಾರ್ನ್ಲೆ ಮೊದಲು ಕೀಲಿನ ಬಟ್ಟಲಿಗೆ ಟೆಫ್ಲಾನ್ ಬಳಸಿ ಕೈಸುಟ್ಟುಕೊಂಡರು. ಸುಮಾರು ಮುನ್ನೂರು ಮಂದಿಗೆ ಹಾಕಿದ ಆ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋದವು. ಸವೆತದ ಪುಡಿಗೆ ದೇಹ ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿಯಲು ಅವರು ಅದನ್ನು ತಮ್ಮ ತೊಡೆಯೊಳಗೇ ಇರಿಸಿಕೊಂಡು ನೋಡಿದ್ದರು. 1962ರಲ್ಲಿ ಹೊಸ ಬಗೆಯ ಪಾಲಿಥೀನ್ ಸಿಕ್ಕಿ ಅವರ ಕೀಲು ಜಗತ್ತಿನಾದ್ಯಂತ ಹಬ್ಬಿತು. ಆದರೆ ಪಾಲಿಥೀನೂ ಸವೆಯುತ್ತದೆ, ತುಂಬ ನಿಧಾನವಾಗಿ. ಅದರ ಕಣ್ಣಿಗೆ ಕಾಣದ ಕಣಗಳನ್ನು ನುಂಗಿದ ಬಿಳಿರಕ್ತಕಣಗಳು ಜೀರ್ಣಿಸಿಕೊಳ್ಳಲಾಗದೆ ಕೆರಳುತ್ತವೆ. ಅವುಗಳ ಕೂಗಿಗೆ ಓಗೊಟ್ಟು ಬರುವ ಜೀವಕೋಶಗಳು ಸುತ್ತಲಿನ ಮೂಳೆಯನ್ನೇ ಕರಗಿಸುತ್ತವೆ. ಬಹಳ ಕಾಲ ಇದರ ಅಪವಾದ ಹೊತ್ತದ್ದು ಬಡಪಾಯಿ ಸಿಮೆಂಟು. 1987ರಲ್ಲಿ ಇದಕ್ಕೆ ‘ಸಿಮೆಂಟ್ ರೋಗ’ ಎಂಬ ಹೆಸರೂ ಬಂತು. ಸಿಮೆಂಟಿಲ್ಲದ ಕೀಲುಗಳ ಸುತ್ತಲೂ ಮೂಳೆ ಹಾಗೆಯೇ ಕರಗುವುದು ಕಂಡಮೇಲೆ ಮುಖ್ಯ ಆರೋಪಿ ಪಾಲಿಥೀನಿನ ಪುಡಿ ಎಂಬುದು ಸ್ಪಷ್ಟವಾಯಿತು.

ಎರಡನೇ ಕಾರಣ ಸೋಂಕು, ಇದು ಇನ್ನೂ ಕ್ರೂರ. ಬ್ಯಾಕ್ಟೀರಿಯಾಗಳು ಸಿಮೆಂಟಿನ ಮೈಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂತರೆ ಯಾವ ಆಂಟಿಬಯಾಟಿಕ್ಕೂ ಅವನ್ನು ಪೂರ್ತಿ ಮುಟ್ಟಲಾರದು. ಹ್ಯಾಂಬರ್ಗಿನ ಬುಕ್‌ಹೋಲ್ಟ್ಸ್ 1970ರ ಸುಮಾರಿಗೆ ಸಿಮೆಂಟಿಗೇ ಜೆಂಟಾಮೈಸಿನ್ ಬೆರೆಸುವ ಉಪಾಯ ತಂದರು. ಗಟ್ಟಿಯಾಗುವಾಗಿನ ಬಿಸಿಗೂ ಕೆಡದ ಔಷಧ ಅದು. ಸೋಂಕು ತಡೆಯಲು ಈ ಉಪಾಯ ಒಳ್ಳೆಯದೇ, ಆದರೆ ಸೋಂಕು ತಗುಲಿದ ಮೇಲೆ ಹಳೆಯ ಸಿಮೆಂಟಿನ ಒಂದು ಚೂರನ್ನೂ ಒಳಗೆ ಉಳಿಸುವಂತಿಲ್ಲ.

ಇಲ್ಲಿ ವಿಧಿಯ ಕುಚೋದ್ಯವೊಂದಿದೆ. ಮೊದಮೊದಲು ಸಿಮೆಂಟನ್ನು ಬೆರಳಿನಲ್ಲಿ ಒತ್ತಿ ತುಂಬುತ್ತಿದ್ದರು. ಎಪ್ಪತ್ತರ ದಶಕದಿಂದ ಪೊಳ್ಳಿನ ತಳಕ್ಕೆ ಬಿರಡೆ ಹಾಕಿ, ಒಳಗೋಡೆಯನ್ನು ನೀರಿನ ಚಿಮ್ಮುಧಾರೆಯಿಂದ ತೊಳೆದು, ಗನ್ನಿನಿಂದ ತಳದಿಂದ ಮೇಲಕ್ಕೆ ಒತ್ತಡದಲ್ಲಿ ತುಂಬತೊಡಗಿದರು. ಕೀಲುಗಳು ಹೆಚ್ಚು ಕಾಲ ಬಾಳಿದವು. ಮುಂದೆಂದಾದರೂ ತೆಗೆಯಬೇಕಾಗಿ ಬಂದಾಗ ಅಷ್ಟೇ ಹೆಚ್ಚು ಕಾಡಿದವು. ಮೊದಲ ಸರ್ಜನ್ನರ ಕೈಚಳಕಕ್ಕೆ ತೆರ ಕಟ್ಟಬೇಕಾದವರು ಎರಡನೆಯ ಸರ್ಜನ್ನರು. ಪೊಳ್ಳಿನೊಳಗೆ ಬಿಳಿ ಸಿಮೆಂಟು ಯಾವುದು, ಬಿಳಿ ಮೂಳೆ ಯಾವುದು ಎಂದು ಗುರುತಿಸುವುದೇ ಕಷ್ಟ. ಪಾಲಾಕೋಸ್ ಎಂಬ ಜರ್ಮನ್ ಸಿಮೆಂಟಿನಲ್ಲಿ ಎಲೆಹಸಿರಿನ ಬಣ್ಣ ಬೆರೆಸಿರುತ್ತಾರೆ. ಅಂದಕ್ಕಲ್ಲ, ಮೂಳೆಯಿಂದ ಬೇರೆಯಾಗಿ ಕಾಣಲೆಂದು. ಮಂಡಿ ಬದಲಿಸಿಕೊಂಡವರು ಗಾಬರಿಯಾಗಬೇಕಿಲ್ಲ. ಅಲ್ಲಿ ಸಿಮೆಂಟು ಸಾಮಾನ್ಯವಾಗಿ ಮೂಳೆಯ ಕತ್ತರಿಸಿದ ಮುಖದ ಮೇಲಿನ ತೆಳು ಪದರ. ಗರಗಸ, ತೆಳು ಉಳಿಗಳಿಂದ ಬಿಡಿಸಬಹುದು. ಕಷ್ಟವಿರುವುದು ಉದ್ದದ ಸುರಂಗಗಳಲ್ಲಿ: ತೊಡೆಯಲ್ಲಿ, ಭುಜ ಮೊಣಕೈಗಳ ನಡುವಿನ ತೋಳಿನಲ್ಲಿ.

ಉಳಿ ಬೇಡವೆಂದರೆ ಇನ್ನೊಂದು ಹಳೆಯ ದಾರಿ, ತೊಡೆಮೂಳೆಯ ಪಕ್ಕದ ಗೋಡೆಯನ್ನೇ ಉದ್ದಕ್ಕೆ ಕೊಯ್ದು ಬಾಗಿಲಿನಂತೆ ತೆರೆಯುವುದು. ಸಿಮೆಂಟು ಕಣ್ಣೆದುರೇ ಸಿಗುತ್ತದೆ, ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಿ ತಂತಿ ಬಿಗಿಯುತ್ತಾರೆ. ಇವತ್ತಿಗೂ ಚಾಲ್ತಿಯಲ್ಲಿರುವ, ನಂಬಬಹುದಾದ ವಿಧಾನ. ಆದರೆ ಆ ಕೊಯ್ತ ಕೂಡಿಕೊಳ್ಳಬೇಕು, ಕಾಯಬೇಕು. ಎಂಬತ್ತು ದಾಟಿದವರಿಗೆ ಕಾಯುವುದೂ ಸುಲಭವಲ್ಲ. ಬಾಗಿಲು ತೆರೆಯದೆ, ಗೋಡೆ ಒಡೆಯದೆ ಒಳಗಿನ ಗಾರೆಯನ್ನಷ್ಟೇ ತೆಗೆಯಬಲ್ಲ ಸಾಧನ ಬೇಕಾಗಿತ್ತು.

ಅದರ ಬೇರು 1880ರ ಪ್ಯಾರಿಸ್ಸಿನಲ್ಲಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಪಿಯರ್ ಮತ್ತು ಜಾಕ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕಂಡುಕೊಂಡರು. ವಿದ್ಯುತ್ ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆಂಬುದೂ ಮರುವರ್ಷವೇ ಖಚಿತವಾಯಿತು. ಮೊದಲ ಮಹಾಯುದ್ಧದಲ್ಲಿ, ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲ್ಯಾಂಜೆವಿನ್ ಜರ್ಮನ್ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಹೊರಟಾಗ, ಹರಳಿನ ತೆಳು ಬಿಲ್ಲೆಗಳನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಸಮುದ್ರದೊಳಕ್ಕೆ ಬಲವಾದ ಕಂಪನ ಕಳಿಸಿದರು. ಈಗಿನ ಸರ್ಜರಿಯ ಹಿಡಿಕೆಯೊಳಗೂ ಇರುವುದು ಅದೇ ಏರ್ಪಾಟು: ಲೋಹದ ಎರಡು ತುಂಡುಗಳ ನಡುವೆ ಪಿಂಗಾಣಿಯಂಥ ಬಿಲ್ಲೆಗಳು, ನಟ್ಟನಡುವೆ ತೂರಿ ಬಿಗಿಯಾಗಿ ಹಿಡಿದಿರುವ ಒಂದು ಬೋಲ್ಟು. ಬಿಲ್ಲೆಗಳು ಒತ್ತಡ ತಾಳುತ್ತವೆ, ಎಳೆತ ತಾಳದೆ ಒಡೆಯುತ್ತವೆ. ಆದ್ದರಿಂದ ಮೊದಲೇ ಒತ್ತಿ ಬಿಗಿದಿಡುವುದು.

ಬಿಲ್ಲೆಗಳ ಹಿಗ್ಗು ಕುಗ್ಗು ಕೆಲವೇ ಮೈಕ್ರಾನ್. ಅದರಿಂದ ಯಾವ ಕೆಲಸವೂ ಆಗದು. ಹಾಗಾಗಿ ಕಂಪನವನ್ನು ಮೊನಚಾಗುತ್ತ ಹೋಗುವ ಟೈಟಾನಿಯಂ ಕೊಂಬಿನ ಮೂಲಕ ಹಾಯಿಸುತ್ತಾರೆ. ದಪ್ಪ ಬುಡದಿಂದ ಸಣ್ಣ ತುದಿಗೆ ಹೋಗುವಾಗ ಅದೇ ಶಕ್ತಿ ಕಡಿಮೆ ಲೋಹದಲ್ಲಿ ಅಡಕವಾಗಬೇಕಾಗಿ, ಅಲುಗಾಟ ಹಿಗ್ಗುತ್ತದೆ. ಕೊಂಬಿನ ಉದ್ದವೂ ಲೆಕ್ಕಾಚಾರದ್ದೇ. ಟೈಟಾನಿಯಂನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 28,000 ಕಂಪನಕ್ಕೆ ಅರ್ಧ ಅಲೆಯ ಉದ್ದ ಸುಮಾರು 9 ಸೆಂಟಿಮೀಟರ್. ಸಲಾಕೆ ಈ ಅಳತೆಗೆ ಅಥವಾ ಇದರ ಪಟ್ಟಿಗೆ ಕೂತರಷ್ಟೇ ಅನುರಣಿಸುತ್ತದೆ. ತುದಿಯನ್ನು ಸಿಮೆಂಟಿಗೆ ಒತ್ತಿದೊಡನೆ ಶ್ರುತಿ ಕದಲುವುದರಿಂದ, ಪಕ್ಕದಲ್ಲಿರುವ ಯಂತ್ರ ಗಳಿಗೆ ಗಳಿಗೆಗೂ ಅದನ್ನು ಹುಡುಕಿ ಸರಿಪಡಿಸಿಕೊಳ್ಳುತ್ತಿರುತ್ತದೆ. ತುದಿ ಐವತ್ತು ಮೈಕ್ರಾನ್ ಆಚೀಚೆ ಅಲುಗಿತು ಎಂದಿಟ್ಟುಕೊಳ್ಳಿ, ಒಂದು ಕೂದಲಿನ ದಪ್ಪಕ್ಕಿಂತ ಹೆಚ್ಚಲ್ಲ. ಗುಣಿಸಿ ನೋಡಿದರೆ ಅದರ ಗರಿಷ್ಠ ವೇಗ ಸೆಕೆಂಡಿಗೆ ಎಂಟೊಂಬತ್ತು ಮೀಟರ್. ವೇಗೋತ್ಕರ್ಷ ಮಾತ್ರ ಭೂಮಿಯ ಗುರುತ್ವದ ಒಂದೂವರೆ ಲಕ್ಷ ಪಟ್ಟು! ಕೈಯಲ್ಲಿ ಹಿಡಿದವರಿಗೆ ಏನೂ ಕಾಣುವುದಿಲ್ಲ, ಸಲಾಕೆ ಸುಮ್ಮನೆ ನಿಂತಂತಿರುತ್ತದೆ.

ಈಗ ಆ ತುದಿ ಸಿಮೆಂಟನ್ನು ಮುಟ್ಟಿದಾಗ ಏನಾಗುತ್ತದೆ? ಕಬ್ಬಿಣದ ತಂತಿಯೊಂದನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸಿ ಆ ಮಡಿಕೆಯನ್ನು ಮುಟ್ಟಿ ನೋಡಿದ್ದರೆ ಬಿಸಿ ತಾಗಿರುತ್ತದೆ. ಪ್ರತಿ ಸಲವೂ ಕೊಟ್ಟ ಶಕ್ತಿಯಲ್ಲಿ ಒಂದಿಷ್ಟು ಮರಳಿ ಬಾರದೆ ಒಳಗೇ ಬಿಸಿಯಾಗಿ ಉಳಿಯಿತು. ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳು ಇಂಥ ಸೋರಿಕೆಯಲ್ಲಿ ಎತ್ತಿದ ಕೈ. ಒತ್ತಿದಾಗ ಒಂದರ ಮೇಲೊಂದು ತುಸುವೇ ಜಾರುತ್ತವೆ, ಬಿಟ್ಟಾಗ ಸಾವಕಾಶವಾಗಿ ಮರಳುತ್ತವೆ. ಸೆಕೆಂಡಿಗೆ ಇಪ್ಪತ್ತೆಂಟು ಸಾವಿರ ಸಲ ಹೀಗಾದರೆ ಸಲಾಕೆಯ ತುದಿಯ ಸುತ್ತ ಕ್ಷಣಾರ್ಧದಲ್ಲಿ ಬಿಸಿ ಏರುತ್ತದೆ. ಅಕ್ರಿಲಿಕ್ ಬಿಸಿಯನ್ನು ದೂರ ಸಾಗಿಸುವುದೂ ಇಲ್ಲ, ಎಲ್ಲ ಅಲ್ಲಲ್ಲೇ ಕೂಡುತ್ತದೆ. ಮೆದುವಾದಷ್ಟೂ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಾದಷ್ಟೂ ಇನ್ನಷ್ಟು ಮೆದು. ಸಲಾಕೆ ತಾನಾಗಿ ಒಳಗಿಳಿಯುತ್ತದೆ. ಗಟ್ಟಿಮೂಳೆಯ ಜಾತಿ ಬೇರೆ. ಖನಿಜದ ಹರಳುಗಳು, ಅವನ್ನು ಹೆಣೆದ ಕೊಲಾಜೆನ್ ನಾರು, ಆ ನಾರುಗಳ ನಡುವೆ ಅಡ್ಡ ಬೆಸುಗೆ. ಅದಕ್ಕೆ ಕರಗುವುದು ಗೊತ್ತಿಲ್ಲ. ಮೊಂಡು ತುದಿ ಅದರ ಮೇಲೆ ಕುಣಿಯುತ್ತದೆ, ಕಿವಿಗೆ ಕೇಳುವ ಕೀರಲು ದನಿ ಏಳುತ್ತದೆ, ಕೈಗೆ ಅಡ್ಡಿ ತಿಳಿಯುತ್ತದೆ. ಕಣ್ಣು ತಲುಪದ ಆಳದಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇರೇನಿದೆ?

ಶ್ರವಣಾತೀತ ಕಂಪನ ಆಪರೇಷನ್ ಕೋಣೆಗೆ ಬಂದದ್ದು ಇದೇ ಮೊದಲೇನೂ ಅಲ್ಲ. ನ್ಯೂಯಾರ್ಕಿನ ಕಣ್ಣಿನ ವೈದ್ಯ ಚಾರ್ಲ್ಸ್ ಕೆಲ್ಮನ್ ದಂತವೈದ್ಯರ ಕುರ್ಚಿಯಲ್ಲಿ ಕೂತು ಹಲ್ಲು ಶುಚಿ ಮಾಡಿಸಿಕೊಳ್ಳುವಾಗ ಅಲ್ಲಿನ ಕಂಪಿಸುವ ಕಡ್ಡಿಯನ್ನು ಕಂಡು, 1967ರಲ್ಲಿ ಅದೇ ತತ್ವದಿಂದ ಕಣ್ಣಿನ ಪೊರೆಯನ್ನು ಪುಡಿಮಾಡಿ ಹೀರಿ ತೆಗೆದರು. ನಮ್ಮ ಊರುಗಳಲ್ಲಿ ‘ಫೇಕೋ’ ಮಾಡಿಸಿಕೊಂಡ ಅಜ್ಜ ಅಜ್ಜಿಯರೆಲ್ಲ ಈ ಕಂಪನದ ಫಲಾನುಭವಿಗಳೇ. ಮೂಳೆ ಸಿಮೆಂಟಿನ ಸರದಿ ತಡವಾಗಿ ಬಂತು. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ‘ಅಲ್ಟ್ರಾ-ಡ್ರೈವ್’, ಬ್ರಿಟನ್ನಿನಲ್ಲಿ ‘ಆಸ್ಕರ್’ ಎಂಬ ಯಂತ್ರಗಳು ಬಳಕೆಗೆ ಬಂದವು. ಸಲಾಕೆಯ ತುದಿಗಳಲ್ಲೂ ಬಗೆಬಗೆ. ಗೋಡೆಯಿಂದ ಸಿಮೆಂಟನ್ನು ಕೆರೆಯಲು ಒಂದು, ತಳದ ಬಿರಡೆಯನ್ನು ಕೊರೆಯಲು ಇನ್ನೊಂದು. ನನಗೆ ಬಹಳ ಹಿಡಿಸಿದ್ದು ರಂಧ್ರಗಳಿರುವ ತುದಿ. ಅದನ್ನು ಬಿರಡೆಯೊಳಕ್ಕೆ ಇಳಿಸಿದರೆ ಕರಗಿದ ಸಿಮೆಂಟು ರಂಧ್ರಗಳಿಗೆ ಹರಿದು ತುಂಬುತ್ತದೆ. ಪೆಡಲಿನಿಂದ ಕಾಲು ತೆಗೆದು ಕೆಲವು ಕ್ಷಣ ಕಾದರೆ ಅದು ಅಲ್ಲೇ ಗಟ್ಟಿ. ಆಮೇಲೆ ಸಲಾಕೆಯನ್ನು ಎಳೆದರೆ ಬಿರಡೆಯೂ ಅದರ ಬೆನ್ನಿಗೇ ಬರುತ್ತದೆ. ಒಳಗೆ ಹೂಳಿಟ್ಟ ಸಿಮೆಂಟೇ ಕೊನೆಗೆ ತನ್ನನ್ನು ಎಳೆಯುವವರ ಕೈಗೆ ಹಿಡಿಯಾಗುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಬಿಸಿಯ ವಿಷಯಕ್ಕೆ ಬರಲೇಬೇಕು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲಗಳ ಮೂಳೆಯನ್ನು ಹಂತಹಂತವಾಗಿ ಕಾಯಿಸಿ ನೋಡಿ, 1983ರಲ್ಲಿ ಒಂದು ಗೆರೆ ಎಳೆದರು: 47 ಡಿಗ್ರಿಯಲ್ಲಿ ಒಂದು ನಿಮಿಷ. ಅದನ್ನು ದಾಟಿದರೆ ಮೂಳೆಯ ಜೀವಕ್ಕೆ ಕುತ್ತು. ಸಲಾಕೆಯ ತುದಿಯಲ್ಲಿ ನೂರಕ್ಕೂ ಮೇಲೆ ಬೇಕು, ಎರಡು ಮಿಲಿಮೀಟರ್ ಆಚೆ ನಲವತ್ತೇಳನ್ನು ಮುಟ್ಟಬಾರದು. ಎರಡೂ ಹೇಗೆ ಸಾಧ್ಯ? ಉಳಿಸುವುದು ಕಾಲ. ಬಿಸಿ ಅಕ್ರಿಲಿಕ್ಕಿನಲ್ಲಿ ಎರಡು ಮಿಲಿಮೀಟರ್ ದಾಟಲು ಹೆಚ್ಚುಕಡಿಮೆ ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ನಿಲ್ಲಿಸಿ, ತಣ್ಣನೆಯ ಸಲೈನ್ ಸುರಿದು, ಮತ್ತೆ ಶುರುಮಾಡಬೇಕು. ಆದರೆ ಈ ಲೆಕ್ಕ ದಪ್ಪದ ವರ್ಗಕ್ಕೆ ತಕ್ಕಂತೆ ನಡೆಯುತ್ತದೆ. ಸಿಮೆಂಟಿನ ದಪ್ಪ ಅರ್ಧವಾದರೆ ಕಾಲಾವಕಾಶ ಅರ್ಧವಲ್ಲ, ಕಾಲುಭಾಗ. ಒಂದು ಮಿಲಿಮೀಟರ್ ಉಳಿದಿದೆ ಎನ್ನುವಾಗ ಸಿಗುವುದು ಎಂಟೊಂಬತ್ತು ಸೆಕೆಂಡು. ಕೆಲಸ ಮುಗಿಯುತ್ತ ಬಂದಂತೆ ಅಪಾಯ ಏರುತ್ತದೆ, ಅವಸರವೂ ಆಗಲೇ ಹೆಚ್ಚು.

ಇದು ಬರಿಯ ಲೆಕ್ಕವಲ್ಲ. ತೋಳಿನ ಮೂಳೆಯಿಂದ ಹೀಗೆ ಸಿಮೆಂಟು ತೆಗೆಯುವಾಗ ಸುತ್ತಲಿನ ಅಂಗಾಂಶ ಸುಟ್ಟ ಪ್ರಕರಣ, ಅದರ ಜೊತೆಗೆ ಶವಗಳ ತೋಳಿನಲ್ಲಿ ಮಾಡಿದ ತಾಪಮಾನದ ಅಳತೆ, 2005ರಲ್ಲಿ ಅಮೆರಿಕದ ಮೂಳೆ ಸರ್ಜರಿ ಪತ್ರಿಕೆಯಲ್ಲಿ ಪ್ರಕಟವಾದವು. ತೋಳಿನ ಮೂಳೆ ತೊಡೆಯದಕ್ಕಿಂತ ತೆಳು. ಮಣಿಕಟ್ಟನ್ನು ಮೇಲೆತ್ತುವ ನರ ಅದರ ಮೈಗೆ ಅಂಟಿಕೊಂಡೇ ಸುತ್ತಿ ಹೋಗುತ್ತದೆ. ರಕ್ತ ಸೋರದಿರಲೆಂದು ತೋಳಿಗೆ ಪಟ್ಟಿ ಬಿಗಿದಿದ್ದರೆ ಬಿಸಿಯನ್ನು ಒಯ್ಯಬೇಕಾದ ರಕ್ತದ ಹರಿವೂ ಇರುವುದಿಲ್ಲ. ಇನ್ನು, ಮೂಳೆ ಕಿರಿಚಿ ಎಚ್ಚರಿಸುತ್ತದೆ ಎಂದೆನಲ್ಲ, ಅದು ಗಟ್ಟಿಯಾದ, ಸಾಕಷ್ಟು ದಪ್ಪದ ಮೂಳೆಯ ಮಾತು. ಸವೆದು ತೆಳುವಾದ ಕಡೆ ಕಿರಿಚುವ ಮೊದಲೇ ತೂತಾಗಬಹುದು. ಯಂತ್ರ ಕೊಂಡ ಮಾತ್ರಕ್ಕೆ ಕೈ ಪಳಗುವುದಿಲ್ಲ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಕಂಪನದ ಸ್ವಭಾವವೇ ಹೀಗೆ, ತುದಿಯ ಆಕಾರ ಬದಲಾದರೆ ನಿಷ್ಠೆಯೂ ಬದಲು. ಇಟಲಿಯ ದಂತ ಸರ್ಜನ್ ತೊಮಾಸೊ ವೆರ್ಚೆಲ್ಲೊತ್ತಿ ರೂಪಿಸಿದ ಪೀಜೋ ಸರ್ಜರಿಯಲ್ಲಿ ಹೆಚ್ಚುಕಡಿಮೆ ಇಷ್ಟೇ ಕಂಪನದ ಹರಿತವಾದ ಅಲಗು ಮೂಳೆಯನ್ನು ಕೊಯ್ಯುತ್ತದೆ, ಪಕ್ಕದ ನರವನ್ನೂ ಮೆತ್ತನೆಯ ಪೊರೆಯನ್ನೂ ಮುಟ್ಟದೆ ಬಿಡುತ್ತದೆ. ಇಲ್ಲಿ ಮೂಳೆ ಉಳಿಯಬೇಕು, ಅಲ್ಲಿ ಮೂಳೆಯೇ ಗುರಿ.

ಹಾಗೆಂದು ಹಳೆಯ ಸಿಮೆಂಟನ್ನು ಯಾವಾಗಲೂ ಕೀಳಲೇಬೇಕೆಂದಿಲ್ಲ. ಸೋಂಕಿಲ್ಲ, ಸಿಮೆಂಟು ಮೂಳೆಯನ್ನು ಇನ್ನೂ ಭದ್ರವಾಗಿ ಹಿಡಿದಿದೆ, ಬದಲಾಗಬೇಕಾದದ್ದು ದಂಡ ಮಾತ್ರ ಎಂದಾದರೆ, ಹಳೆಯ ಕೊಳವೆಯನ್ನು ಅಲ್ಲೇ ಬಿಟ್ಟು ಅದರೊಳಗೆ ಹೊಸ ಸಿಮೆಂಟು ತುಂಬಿ ಸಣ್ಣ ದಂಡ ಕೂರಿಸುತ್ತಾರೆ. ನುಣುಪಾದ, ಮೊನಚಾಗುವ ದಂಡವನ್ನು 1970ರಲ್ಲಿ ತಂದ ಇಂಗ್ಲೆಂಡಿನ ಎಕ್ಸೆಟರ್ ಊರಿನ ತಂಡದವರು ಈ ದಾರಿಯನ್ನು ಬಹಳವಾಗಿ ಬೆಳೆಸಿದರು. ಅಂಥ ದಂಡ ಸಿಮೆಂಟನ್ನು ಒಡೆಯದೆ ಜಾರಿ ಹೊರಬರುತ್ತದೆ. ಕೊಳವೆಯ ಬಾಯಿ ಹಿಗ್ಗಿಸಲು, ಒಳಮೈ ಕೆರೆದು ಶುಚಿಮಾಡಲು ಕಂಪಿಸುವ ಸಲಾಕೆ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಹೊಸದು ಹಳೆಯದಕ್ಕೆ ಹಿಡಿಯುವುದು ಹೇಗೆ? ಹೊಸ ದ್ರವದ ಬಿಡಿ ಅಣುಗಳು ಹಳೆಯ ಸಿಮೆಂಟಿನ ಮೇಲ್ಮೈಗೆ ಇಂಗಿ ಅದನ್ನು ತುಸು ಉಬ್ಬಿಸುತ್ತವೆ. ಅಡ್ಡ ಬೆಸುಗೆಯಿಲ್ಲದ ಹಳೆಯ ಸರಪಳಿಗಳು ಸರಿದು ಎಡೆ ಕೊಡುತ್ತವೆ, ಅವುಗಳ ನಡುವೆಯೇ ಹೊಸ ಸರಪಳಿಗಳು ಬೆಳೆದು ಹೆಣೆದುಕೊಳ್ಳುತ್ತವೆ. ನಡುವೆ ರಕ್ತವೋ ಮಜ್ಜೆಯೋ ಸೇರಿದರೆ ಹಿಡಿತ ಸಡಿಲ. ಆದ್ದರಿಂದ ಹೊಸ ಸಿಮೆಂಟು ಕಲಸುವ ಮುಂಚೆ ಹಳೆಯ ಕೊಳವೆಯನ್ನು ತೊಳೆದು ಚೆನ್ನಾಗಿ ಒಣಗಿಸುತ್ತಾರೆ, ಅಣುಗಳು ಇನ್ನೂ ಇಂಗಬಲ್ಲಂಥ ತೆಳ್ಳನೆಯ ಹಂತದಲ್ಲೇ ಹೊಸದನ್ನು ಒಳಗೆ ಬಿಡುತ್ತಾರೆ.